ಹಲಗೆಯ ಮೇಲಿನ ಮೀನು

ಬಂದರು ಕಚೇರಿಯ ಗೇಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೀರು ಎಷ್ಟು ತಣ್ಣಗಿದೆ, ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಪ್ರತಿದಿನ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಗುಮಾಸ್ತನ ಕೆಲಸ. ಇದನ್ನೆಲ್ಲ ಅವನು ಸಮುದ್ರ ನೋಡಿ ತಿಳಿದುಕೊಳ್ಳುತ್ತಿದ್ದ ಎಂದು ಯಾರಾದರೂ ಭಾವಿಸಿದರೆ ಅದು ಅವರ ಒಳ್ಳೆಯತನ. ಮೇಲಿನ ಕಚೇರಿಯಿಂದ ಫೋನು ಬರುತ್ತಿತ್ತು; ಅವರು ಹೇಳಿದ್ದನ್ನು ಇವನು ಬರೆಯುತ್ತಿದ್ದ. ಸಮುದ್ರಕ್ಕೆ ಬೆನ್ನು ಹಾಕಿ ಕೂರುವಂತೆ ಅವನ ಮೇಜು ಇತ್ತು. ಹಿಂದಿನ ಕಿಟಕಿ ತೆರೆದರೆ ಕಾಗದ ಹಾರುತ್ತದೆಂದು ಅದಕ್ಕೆ ಮೊಳೆ ಹೊಡೆಸಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಅವನ ಕಾಲಿಗೆ ಉಪ್ಪುನೀರು ತಾಗಿದ್ದು ಒಂದೇ ಸಲ, ಅದೂ ಚಪ್ಪಲಿ ಜಾರಿ.

ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಅಕ್ಷರವೇ ಮೂಲ. ಇಷ್ಟು ದುಂಡಗೆ ಬರೆಯುವವನಿಗೆ ವಿಷಯ ಗೊತ್ತಿರದೆ ಇರುತ್ತದೆಯೇ ಎಂದು ಓದುವವರಿಗೆ ಅನ್ನಿಸಿಬಿಡುತ್ತಿತ್ತು.

ಆ ವರ್ಷ ಚಳಿ ಬೇಗ ಬಂತು. ಒಂದು ಬೆಳಿಗ್ಗೆ ಅವನು ಹಲಗೆ ಒರೆಸುತ್ತಿರುವಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗಾಳದ ಕೋಲು ಹೆಗಲಿಗೇರಿಸಿಕೊಂಡು ಬಂದು ನಿಂತರು. ಮೂಗಿನ ತುದಿ ಕೆಂಪಗಾಗಿತ್ತು, ಬಕೆಟ್ಟು ಖಾಲಿ ಇತ್ತು.

"ಅಲ್ರೀ, ಈ ಚಳಿಗೆ ಮೀನೆಲ್ಲ ಎಲ್ಲಿ ಹಾಳಾಗಿ ಹೋದ್ವು? ನಾನು ಸೂರ್ಯ ಹುಟ್ಟೋ ಮುಂಚೆ ಬಂದು ನಿಲ್ತೀನಿ. ಒಂದಾದ್ರೂ ಮೂಸಿ ನೋಡಬಾರದಾ?"

'ನನಗೆ ಗೊತ್ತಿಲ್ಲ ಮೇಷ್ಟ್ರೇ' ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ಸಾಮಾನ್ಯ ಮನುಷ್ಯನ ಬಾಯಿಂದಲೇ ಸಲೀಸಾಗಿ ಹೊರಡುವುದಿಲ್ಲ. ಇನ್ನು ಸರ್ಕಾರಿ ನೌಕರ, ತನ್ನದೇ ಕಚೇರಿಯ ಗೇಟಿನಲ್ಲಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿರುವಾಗ ಹೇಗೆ ಹೊರಟೀತು? ಗುಮಾಸ್ತ ಬೆರಳು ಒರೆಸಿಕೊಂಡು ಸಮುದ್ರದ ಕಡೆ ನೋಡಿದ. ಮಂಜುಗಡ್ಡೆಯ ಶೆಡ್ಡು ಅಡ್ಡ ಇದ್ದುದರಿಂದ ಸಮುದ್ರ ಕಾಣುತ್ತಿರಲಿಲ್ಲ. ಆದರೂ ನೋಡಿದ.

"ಚಳಿ ಅಂದ್ರೆ ಎಲ್ರಿಗೂ ಚಳಿನೇ ಅಲ್ವಾ. ನಮಗಾದ್ರೆ ಕಂಬಳಿ ಇದೆ. ಅವಕ್ಕೇನಿದೆ? ಆಳಕ್ಕೆ ಇಳೀತವೆ. ತಡೆಗೋಡೆ ತುದಿಗೆ ಹೋಗಿ. ಬೆಳಿಗ್ಗೆ ಬೇಡ, ಊಟ ಆದಮೇಲೆ ಹೋಗಿ."

"ಊಟ ಯಾರ್ದು? ನಂದೋ, ಮೀನಿಂದೋ?"

"ನಿಮ್ಮದಾಗಲಿ ಮೊದ್ಲು," ಎಂದ ಗುಮಾಸ್ತ. ಗಂಭೀರವಾಗಿಯೇ ಹೇಳಿದ.

ಆ ಸಂಜೆ ಮೇಷ್ಟ್ರು ಮೊಳಕೈಯುದ್ದದ ಮೀನು ಹಿಡಿದುಕೊಂಡು ಬಂದರು. ಬಕೆಟ್ಟಿನಲ್ಲಿ ಹಾಕದೆ ಕಿವಿರಿಗೆ ಬೆರಳು ತೂರಿಸಿ, ಹತ್ತಿರದ ದಾರಿ ಬಿಟ್ಟು ಬಸ್ ನಿಲ್ದಾಣ ಸುತ್ತಿಕೊಂಡು ಬಂದರು. ಸಿಕ್ಕವರಿಗೆಲ್ಲ "ಬಂದರಿನ ಗುಮಾಸ್ತರು ಹೇಳಿದ್ರು, ಹೇಳಿದ ಜಾಗದಲ್ಲೇ ಇತ್ತು" ಎಂದರು. ಬೇರೆಯವರಾಗಿದ್ದರೆ ಕೀರ್ತಿಯನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಆದರೆ ಮೇಷ್ಟ್ರಿಗೆ ಜೀವಮಾನವಿಡೀ ಯಾವುದನ್ನೂ 'ಇಂಥವರು ಹೇಳಿದ್ದಾರೆ' ಎಂದು ಸೇರಿಸದೆ ಹೇಳಿ ಅಭ್ಯಾಸವಿರಲಿಲ್ಲ.

ಮರುದಿನ ಹಲಗೆಯ ಮುಂದೆ ಜನ ಕಾಯುತ್ತಿದ್ದರು. ಕ್ಷೌರಿಕ ಬಂದಿದ್ದ, ಔಷಧಿ ಅಂಗಡಿಯವ ಬಂದಿದ್ದ, ಎರಡು ಬೀದಿ ಆಚೆಯಿಂದ ದರ್ಜಿ ಬಂದಿದ್ದ. ಗುಮಾಸ್ತ ಒಬ್ಬನಿಗೆ "ಗಾಳಿಗೆ ಬೆನ್ನು ಕೊಡಿ" ಎಂದ, ಇನ್ನೊಬ್ಬನಿಗೆ "ಆತುರ ಬೇಡ" ಎಂದ, ದರ್ಜಿಗೆ "ದಾರ ಹಿಡಿಯೋದು ನಿಮಗೆ ನಾನು ಹೇಳಿಕೊಡಬೇಕಾ" ಎಂದ. ಇವು ಎಲ್ಲಿ ಹೇಳಿದರೂ ತಪ್ಪಾಗದ ಮಾತುಗಳು. ಮೀನು ಸಿಕ್ಕಿದವರು 'ಗುಮಾಸ್ತರ ಮಾತು' ಎಂದರು. ಸಿಗದವರು ತಾವೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ನೊಂದುಕೊಂಡರು. ಲೋಕ ಒಬ್ಬನನ್ನು ಪಂಡಿತನನ್ನಾಗಿ ಮಾಡಲು ಹೊರಟರೆ ಅವನ ಸಹಾಯವನ್ನೂ ಕೇಳುವುದಿಲ್ಲ.

ಮನೆಯಲ್ಲಿ ಹೆಂಡತಿಗೆ ಮೊದಮೊದಲು ನಗು, ಆಮೇಲೆ ಹೆಮ್ಮೆ. "ಔಷಧಿ ಅಂಗಡಿಯವರ ಹೆಂಡತಿ ಇವತ್ತು ನನಗೆ ಕುರ್ಚಿ ಹಾಕಿದ್ರು ಕಣ್ರೀ. ಹೋದ ತಿಂಗಳು ನಿಂತೇ ಮಾತಾಡ್ಸಿ ಕಳಿಸಿದ್ರು," ಎಂದಳು.

ಆದರೆ ದೊಡ್ಡ ಬದಲಾವಣೆ ಆದದ್ದು ಮಹಡಿ ಕೋಣೆಯಲ್ಲಿ. ಅಲ್ಲಿ ಮಾವ ಇದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕೋಟು, ಕೊರಳಿಗೆ ಸೀಟಿ, ಯಾವುದೂ ನಿಂತಲ್ಲಿ ನಿಲ್ಲಬಾರದೆಂಬ ಮುಖ. ಹೆಂಡತಿ ಹೋದಮೇಲೆ ಮಗಳ ಮನೆ ಸೇರಿದ್ದರು. ಅಳಿಯನೊಡನೆ ಅವರು ಮಾತಾಡಿದ್ದಿಲ್ಲ. ಎದುರೆದುರು ಕೂತಿದ್ದರೂ "ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ಕೊಡಲಿ" ಎನ್ನುತ್ತಿದ್ದರು. ಮಗಳ ಮದುವೆಯ ಮಾತುಕತೆಯಲ್ಲೇ ಅವರು ಹೇಳಿದ್ದರು: "ಬರೆದಿದ್ದು ಸಂಜೆಗೆ ಅಳಿಸಿಹೋಗೋ ಕೆಲಸ. ಅದಕ್ಕೊಂದು ಸಂಬಳ ಬೇರೆ."

ಆ ಮಾವ ಒಂದು ರಾತ್ರಿ ಊಟದ ನಡುವೆ ತಲೆಯೆತ್ತಿ, "ನಾಳೆ ಗಾಳಿ ಹೇಗಿರುತ್ತೆ?" ಎಂದರು.

ಗುಮಾಸ್ತ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ. ಗೋಡೆ ಮಾತ್ರ ಇತ್ತು.

"ನಿಮ್ಮನ್ನೇ ಕೇಳ್ತಿರೋದು," ಎಂದರು ಮಾವ. 'ನಿಮ್ಮನ್ನೇ' ಎಂದರು. ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನೆಲದ ಕಡೆಯಿಂದ ಬೀಸುತ್ತೆ ಮಾವ. ಸಮುದ್ರ ಸಪಾಟಾಗಿರುತ್ತೆ."

"ಹಾಗಾದ್ರೆ ನಾನೂ ಬರ್ತೀನಿ. ಒಂದು ಕೋಲು ನೋಡಿ ಇಟ್ಟಿರಿ."

ಆ ರಾತ್ರಿ ಗುಮಾಸ್ತನಿಗೆ ನಿದ್ದೆ ಬರಲಿಲ್ಲ. ಊರಿಗೆ ಸುಳ್ಳು ಹೇಳಿ ಜೀರ್ಣಿಸಿಕೊಳ್ಳಬಹುದು. ಮಾವನ ಪಕ್ಕದಲ್ಲಿ ಕೋಲು ಹಿಡಿದು ನಿಂತು ಗಾಳಕ್ಕೆ ಎರೆ ಸಿಕ್ಕಿಸಲು ಬರದಿದ್ದರೆ? ಬೆಳಿಗ್ಗೆ ಎದ್ದವನೇ "ಮಾವ, ಈ ವಾರ ಸರಿಯಿಲ್ಲ, ನೀರು ಇನ್ನೂ ಕುದುರಬೇಕು" ಎಂದುಬಿಟ್ಟ. ನೀರು ಕುದುರುವುದೆಂದರೇನು ಎಂದು ಮಾವ ಕೇಳಲಿಲ್ಲ. ರೈಲ್ವೆಯಲ್ಲಿ ವಿಳಂಬಕ್ಕೆ ಕಾರಣ ಕೇಳುವ ಪದ್ಧತಿ ಇಲ್ಲ.

ಅಂದಿನಿಂದ ಗುಮಾಸ್ತ ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿಯನ್ನು ಮೇಜಿನ ಮೇಲೇ ಬಿಟ್ಟು ಕಳ್ಳನ ಹಾಗೆ ತಡೆಗೋಡೆಗೆ ಹೋಗತೊಡಗಿದ. ಮೊದಲ ದಿನ ಗಾಳ ಅವನ ಅಂಗಿಗೇ ಸಿಕ್ಕಿಕೊಂಡಿತು. ಎರಡನೆಯ ದಿನ ಕಲ್ಲಿಗೆ. ಚಳಿಗೆ ಬೆರಳು ಮರಗಟ್ಟಿ ಗಂಟು ಹಾಕಲಾಗದೆ ಹಲ್ಲಿನಲ್ಲಿ ಕಚ್ಚಿ ಬಿಗಿದ. ಸೀಗಡಿಯ ವಾಸನೆ ಕಚೇರಿಯ ಕಾಗದಗಳಿಗೆಲ್ಲ ಹತ್ತಿತು. ಟಪಾಲು ವಿಭಾಗದವನು ಮೂಗು ಮುಚ್ಚಿಕೊಂಡು, "ಈ ಸುತ್ತೋಲೆಗೆ ಸಹಿ ಹಾಕಬೇಕಾ, ಮಸಾಲೆ ಹಾಕಬೇಕಾ?" ಎಂದು ಕೇಳಿದ.

ಆದರೆ ಹೆದರಿಕೆಯಷ್ಟು ಚೆನ್ನಾಗಿ ಪಾಠ ಹೇಳುವ ಗುರು ಇನ್ನೊಬ್ಬನಿಲ್ಲ. ಗುಮಾಸ್ತನಿಗೆ ಒಂದೊಂದೇ ತಿಳಿಯತೊಡಗಿತು. ಚಳಿಯಲ್ಲಿ ಮೀನಿಗೂ ಮೈಗಳ್ಳತನ; ದೊಡ್ಡ ತುತ್ತಿನ ಹಿಂದೆ ಓಡುವುದಿಲ್ಲ. ಚಿಕ್ಕ ಸೀಗಡಿ ತುಂಡನ್ನು ತಳಕ್ಕೆ ತಾಗುವಂತೆ ಬಿಟ್ಟು, ಎಳೆದೂ ಎಳೆಯದ ಹಾಗೆ ಎಳೆಯಬೇಕು. ಅದು ಕಚ್ಚಿದರೂ ಕಚ್ಚಿದಂತೆ ಇರುವುದಿಲ್ಲ. ದಾರಕ್ಕೆ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಸ್ವಲ್ಪ ಭಾರವಾಗುತ್ತದೆ, ಅಷ್ಟೇ. ನದಿ ಸಮುದ್ರ ಸೇರುವ ಅಳಿವೆಯ ಒಳಗಿನ ಕಪ್ಪು ಕೆಸರಿನ ಮೇಲೆ ಬಿಸಿಲಿಗೆ ಕಾದ ನೀರು ಮಧ್ಯಾಹ್ನದ ಇಳಿತದಲ್ಲಿ ಹೊರಗೆ ಹರಿದು ಬರುವಾಗ, ತಡೆಗೋಡೆಯ ತುದಿಯಲ್ಲಿ ಅದು ಆಳಕ್ಕೆ ಸೇರುವ ಬಾಯಿಯಲ್ಲಿ ಮೀನು ಬಂದು ನಿಲ್ಲುತ್ತವೆ, ಒಲೆಯ ಮುಂದೆ ಕೂರುವ ಮುದುಕರ ಹಾಗೆ. ಚಳಿ ಒಂದೇ ಸಮನೆ ಇದ್ದರೆ ಚಿಂತೆಯಿಲ್ಲ. ಒಂದೇ ರಾತ್ರಿಯಲ್ಲಿ ಧಡಕ್ಕನೆ ಬಿದ್ದರೆ ಮಾತ್ರ ಮೀನು ಬಾಯಿ ಹೊಲಿದುಕೊಂಡುಬಿಡುತ್ತವೆ.

ತಾನು ಮೇಷ್ಟ್ರಿಗೆ ಅಂದು ಬಾಯಿಗೆ ಬಂದಂತೆ ಹೇಳಿದ್ದು ಮುಕ್ಕಾಲು ಪಾಲು ನಿಜವೆಂದು ತಿಳಿದಾಗ ಗುಮಾಸ್ತನಿಗೆ ಸಂತೋಷವಾಗಲಿಲ್ಲ. ಸುಳ್ಳು ಹೇಳುವುದಕ್ಕೂ ತನಗೆ ಸರಿಯಾಗಿ ಬರುವುದಿಲ್ಲವಲ್ಲ ಎಂದು ಬೇಜಾರಾಯಿತು.

ಕೊನೆಗೆ ಒಂದು ರಜೆಯ ದಿನ ಮಾವನನ್ನು ಕರೆದುಕೊಂಡು ಹೋದ. ಮಾವ ಕೋಟಿನ ಗುಂಡಿ ಕತ್ತಿನವರೆಗೆ ಹಾಕಿ, ಕಲ್ಲಿನ ಮೇಲೆ ಪ್ಲಾಟ್‌ಫಾರಂ ಮೇಲೆ ನಿಂತ ಹಾಗೆ ನಿಂತರು. ಗುಮಾಸ್ತ ಎರೆ ಸಿಕ್ಕಿಸಿಕೊಟ್ಟ. ಇಳಿತದ ನೀರು ಬೆಚ್ಚಗಾಗಿ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾವನ ದಾರ ಭಾರವಾಯಿತು.

"ಕಸ ಸಿಕ್ಕಿತು ಅಂತ ಕಾಣುತ್ತೆ," ಎಂದರು ಮಾವ.

"ಕಸ ಅಲ್ಲ ಮಾವ. ಮೆಲ್ಲಗೆ ಎತ್ತಿ. ಜಗ್ಗಬೇಡಿ."

ಮೀನು ಮೇಲೆ ಬಂತು. ಮಾವ ಅಳಿಯನ ಹೆಗಲಿನ ಮೇಲೆ ಕೈಯಿಟ್ಟರು. ಕಲ್ಲು ಜಾರುತ್ತಿದ್ದುದರಿಂದ ಆಸರೆಗೆ ಇಟ್ಟದ್ದೂ ಇರಬಹುದು. ಕಾಲು ಗಟ್ಟಿಯಾಗಿ ಊರಿದ ಮೇಲೂ ಆ ಕೈ ತೆಗೆಯಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದರು. ಮಾವ ತಮ್ಮ ಗೂಡ್ಸ್ ಗಾಡಿಗಳ ಕಥೆ ಹೇಳಿದರು. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಗುಮಾಸ್ತ ಆ ಬೋಗಿಗಳ ಲೆಕ್ಕವನ್ನೆಲ್ಲ ಬಾಯಿ ತೆರೆದುಕೊಂಡು ಕೇಳಿದ. ಹೀಗೆ ಕೆಲವು ಮಧ್ಯಾಹ್ನಗಳು ಕಳೆದವು. ಅವನ ಜೀವನದಲ್ಲಿ ಒಳ್ಳೆಯವು ಎಂದು ಹೇಳಬಹುದಾದ ಮಧ್ಯಾಹ್ನಗಳು ಅವೇ.

ಒಳ್ಳೆಯದನ್ನು ಇಲಾಖೆ ಹೆಚ್ಚು ದಿನ ಹಾಗೇ ಬಿಡುವುದಿಲ್ಲ. ಸಾಹೇಬರು ಕರೆದರು.

"ಏನ್ರೀ, ನಮ್ಮಲ್ಲೇ ಇಂಥ ತಜ್ಞರಿದ್ದೀರಿ, ನನಗೇ ಗೊತ್ತಿಲ್ಲ. ದೊಡ್ಡ ಸಾಹೇಬರು ಸಂಸಾರ ಸಮೇತ ಬರ್ತಿದ್ದಾರೆ. ಅವರಿಗೆ ಗಾಳ ಅಂದ್ರೆ ಪ್ರಾಣ. ಒಂದು ಸ್ಪರ್ಧೆ ಇಟ್ಟುಬಿಡೋಣ. ಊರಿನವರೆಲ್ಲ ಬರಲಿ. ಮಾರ್ಗದರ್ಶನ ನಿಮ್ಮದು."

"ಸರ್, ಮೀನು ನಮ್ಮ ಕೈಲಿಲ್ಲ..."

"ಅದಕ್ಕೇ ಗಾಳ ಇರೋದು," ಎಂದರು ಸಾಹೇಬರು.

ಸ್ಪರ್ಧೆಯ ಹಿಂದಿನ ರಾತ್ರಿ ಗಾಳಿ ದಿಕ್ಕು ಬದಲಿಸಿತು. ಕಿಟಕಿಗಳು ಬಡಿದುಕೊಂಡವು. ಬೆಳಿಗ್ಗೆ ಗುಮಾಸ್ತ ತಡೆಗೋಡೆಗೆ ಓಡಿಹೋಗಿ ನೀರಿಗೆ ಕೈ ಹಾಕಿದರೆ, ಹಾಕಿದ ಕೈ ಯಾರದೆಂದು ತಿಳಿಯದಷ್ಟು ತಣ್ಣಗಿತ್ತು. ಅಂಥ ನೀರಿನಲ್ಲಿ ಮೀನು ಆಳದ ತಳ ಹಿಡಿದು ಕಲ್ಲಿನ ಹಾಗೆ ಬಿದ್ದಿರುತ್ತವೆ. ಬಾಯಿಗೇ ತುತ್ತು ಇಟ್ಟರೂ ತೆರೆಯುವುದಿಲ್ಲ. ಇದು ಈಗ ಅವನಿಗೆ ನಿಜವಾಗಿಯೂ ಗೊತ್ತಿತ್ತು.

ಪೆಂಡಾಲಿನ ಕೆಳಗೆ ಊರೇ ಸೇರಿತ್ತು. ದೊಡ್ಡ ಸಾಹೇಬರು ಉಣ್ಣೆ ಟೋಪಿ ಹಾಕಿಕೊಂಡು ಕೂತಿದ್ದರು. ಮಾವ ಸೀಟಿ ಹಿಡಿದು ಸಿದ್ಧರಾಗಿದ್ದರು. ಸ್ಪರ್ಧೆ ಆರಂಭಿಸುವ ಗೌರವ ಅವರದು. ಸಾಹೇಬರು ಮೈಕು ಕೊಟ್ಟು, "ನಮ್ಮ ಗುಮಾಸ್ತರು ಎರಡು ಮಾತು ಹೇಳ್ತಾರೆ" ಎಂದರು.

ಗುಮಾಸ್ತ ಎರಡೇ ಮಾತು ಹೇಳಿದ. "ಇವತ್ತು ಮೀನು ಸಿಗಲ್ಲ. ಎಲ್ಲರೂ ಮನೆಗೆ ಹೋಗಿ."

ಜನ ಚಪ್ಪಾಳೆ ತಟ್ಟಿದರು.

"ಎಷ್ಟು ವಿನಯ ನೋಡಿ," ಎಂದರು ದೊಡ್ಡ ಸಾಹೇಬರ ಹೆಂಡತಿ.

"ವಿನಯ ಅಲ್ಲಮ್ಮ. ರಾತ್ರಿ ನೀರು ಒಂದೇ ಸಲ ತಣ್ಣಗಾಗಿದೆ. ಮೂರ್ನಾಲ್ಕು ದಿನ ಬಿಟ್ಟು..."

ಸಾಹೇಬರು ಮೈಕಿಗೆ ಕೈ ಅಡ್ಡ ಹಿಡಿದು, ನಗುವನ್ನು ಮುಖದಿಂದ ಇಳಿಸದೆಯೇ, "ಜಾಗ ತೋರ್ಸಿ. ತಮಾಷೆ ಆಮೇಲೆ," ಎಂದರು.

ಔಷಧಿ ಅಂಗಡಿಯವನು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಒಳ್ಳೇ ಜಾಗ ತಾನೇ ಇಟ್ಕೋಬೇಕು ಅಂತ. ನಮ್ಮನ್ನೆಲ್ಲ ಮನೆಗೆ ಕಳ್ಸಿ ಮಾವ-ಅಳಿಯ ಹಿಡಿತಾರೆ."

ಮಾವ ಸೀಟಿ ಊದಿದರು. ಆದರೆ ಒಬ್ಬನೂ ನೀರಿನ ಕಡೆ ಹೋಗಲಿಲ್ಲ. ಎಲ್ಲರೂ ಗುಮಾಸ್ತನನ್ನೇ ನೋಡುತ್ತ ನಿಂತರು. ಅವನು ಎಡಕ್ಕೆ ಸರಿದರೆ ಅಷ್ಟೂ ಕೋಲುಗಳು ಎಡಕ್ಕೆ ವಾಲಿದವು. ಬಲಕ್ಕೆ ಸರಿದರೆ ಬಲಕ್ಕೆ. ಅವನಿಗೆ ಗಾಬರಿಗೆ ಹೊಟ್ಟೆ ಕೆಟ್ಟಿತು. ದೋಣಿ ರಿಪೇರಿಯ ಶೆಡ್ಡಿನ ಹಿಂದೆ ಪಾಯಿಖಾನೆ ಇತ್ತು. ಅವಸರದಲ್ಲಿ ಆ ಕಡೆ ನಡೆದ. ಅವಸರ ಕಂಡು ಜನಕ್ಕೆ ಖಾತ್ರಿಯಾಯಿತು. ಅವನು ಹೊರಗೆ ಬಂದಾಗ ಶೆಡ್ಡಿನ ಹಿಂದಿನ ಮೊಣಕಾಲುದ್ದದ ನೀರಿಗೆ ಊರಿನ ಗಾಳಗಳೆಲ್ಲ ಬಿದ್ದಿದ್ದವು. ಒಂದರ ದಾರ ಇನ್ನೊಂದಕ್ಕೆ ಸುತ್ತಿಕೊಂಡಿತ್ತು, ದರ್ಜಿಯೊಬ್ಬನೇ ಕೂತು ಬಿಡಿಸುತ್ತಿದ್ದ. ದೊಡ್ಡ ಸಾಹೇಬರ ಗಾಳ ಕ್ಷೌರಿಕನ ಪ್ಯಾಂಟಿಗೆ ಸಿಕ್ಕಿತ್ತು. ಅವರು ಮೀನೆಂದು ತಿಳಿದು ಎಳೆಯುತ್ತಲೇ ಇದ್ದರು, ಅವನು ಮರ್ಯಾದೆಗೆ ಅಂಜಿ ಸುಮ್ಮನೆ ಅವರ ಕಡೆ ಹೋಗುತ್ತಲೇ ಇದ್ದ.

ಆ ದಿನ ಯಾರಿಗೂ ಏನೂ ಸಿಗಲಿಲ್ಲ. ನೂಕಾಟದಲ್ಲಿ ಮಾವ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ನೀರಿನಲ್ಲಿ ಕೂತು ಸೊಂಟದವರೆಗೆ ನೆನೆದರು. ಗುಮಾಸ್ತ ಕೈ ಚಾಚಿದ. ಮಾವ ಆ ಕೈ ಬಿಟ್ಟು ಔಷಧಿ ಅಂಗಡಿಯವನ ಕೈ ಹಿಡಿದು ಮೇಲೆ ಬಂದರು.

ಮನೆಯಲ್ಲಿ ಕಂಬಳಿ ಹೊದ್ದು ಕೂತು, "ನಿನ್ನ ಗಂಡನಿಗೆ ಹೇಳು," ಎಂದರು ಮಗಳಿಗೆ. "ಸೀಟಿ ಊದಿದ ಮೇಲೆ ಗಾಡಿ ಹೊರಡಲ್ಲ ಅನ್ನೋನು ಗಾಡಿಗೇ ದ್ರೋಹಿ. ನಾಲ್ಕು ಜನರ ಮುಂದೆ ನನ್ನ ಸೀಟಿ ಹಾಳುಮಾಡಿದ."

"ನಿಜಾನೇ ಹೇಳಿದ್ರಲ್ಲಪ್ಪ ಅವರು," ಎಂದಳು ಮಗಳು.

"ನಿಜ ಹೇಳೋಕೆ ಇವನ್ಯಾರು?"

ಸೋಮವಾರ ಸಾಹೇಬರು ಕರೆದರು. ಕೂರಿಸಲಿಲ್ಲ.

"ದೊಡ್ಡ ಸಾಹೇಬರಿಗೆ ಬಹಳ ಬೇಜಾರಾಗಿದೆ. ನಿಮಗೆ ಗೊತ್ತಿದ್ದೂ ಜಾಗ ತೋರಿಸ್ಲಿಲ್ಲ ಅಂತ ಅವರ ಅಭಿಪ್ರಾಯ."

"ಸರ್, ನಂಗೆ ಮೊದಲು ಏನೂ ಗೊತ್ತಿರ್ಲಿಲ್ಲ. ಆಗ ಹೇಳಿದ್ದೆಲ್ಲ ಸುಮ್ನೆ ಬಾಯಿಗೆ ಬಂದಿದ್ದು. ಈಗ ಗೊತ್ತು. ಅದಕ್ಕೇ ಸಿಗಲ್ಲ ಅಂದೆ."

ಸಾಹೇಬರು ಅವನನ್ನು ಕರುಣೆಯಿಂದ ನೋಡಿದರು. "ಗೊತ್ತಿಲ್ಲದಿದ್ದಾಗ ಚೆನ್ನಾಗಿತ್ತಲ್ರೀ. ಯಾಕ್ರೀ ಕಲಿಯೋಕೆ ಹೋದ್ರಿ?" ಎಂದು, ಸ್ವಲ್ಪ ತಡೆದು, "ಶಿಕ್ಷೆ ಏನೂ ಕೊಡಲ್ಲ. ಇನ್ಮೇಲೆ ಹಲಗೆ ಮೇಲೆ ಮೀನಿನ ಸಾಲೂ ಒಂದು ಬರೀಬೇಕು. ದಿನಾ. ದೊಡ್ಡ ಸಾಹೇಬರ ಆಜ್ಞೆ," ಎಂದರು.

ಗುಮಾಸ್ತನ ಮುಖ ಅರಳಿತು. "ಬರೀತೀನಿ ಸರ್. ದಿನಾ ನೀರು ನೋಡಿ, ಸಿಗುತ್ತೋ ಇಲ್ವೋ..."

"ಇಲ್ವೋ ಅನ್ನೋದು ಬೇಡ. ಸರ್ಕಾರಿ ಹಲಗೆ ಮೇಲೆ 'ಮೀನಿಲ್ಲ' ಅಂತ ಬರೆದ್ರೆ ಇಲಾಖೆ ಏನ್ ಮಾಡ್ತಿತ್ತು ಅಂತ ಕೇಳ್ತಾರೆ. 'ಮೀನು ಹೇರಳ, ಸ್ಥಳ ತಡೆಗೋಡೆಯ ತುದಿ.' ಅಷ್ಟೇ. ನಿಮ್ಮ ಅಕ್ಷರ ಚೆನ್ನಾಗಿದೆ."

ಹೀಗೆ ಗುಮಾಸ್ತ ಪ್ರತಿದಿನ ಬೆಳಿಗ್ಗೆ ನೀರಿಗೆ ಕೈ ಹಾಕಿ ನಿಜ ತಿಳಿದುಕೊಂಡು ಬಂದು, ಒದ್ದೆ ಕೈ ಒರೆಸಿಕೊಂಡು, 'ಮೀನು ಹೇರಳ' ಎಂದು ದುಂಡಗೆ ಬರೆಯತೊಡಗಿದ. ಜನ ಅವನನ್ನು ಮಾತಾಡಿಸುವುದನ್ನು ಬಿಟ್ಟಿದ್ದರು. ಸ್ವಾರ್ಥಿ ಎಂದು ಹೆಸರಾಗಿತ್ತು. ಔಷಧಿ ಅಂಗಡಿಯವರ ಮನೆಯಲ್ಲಿ ಹೆಂಡತಿಗೆ ಮತ್ತೆ ಕುರ್ಚಿ ಸಿಗಲಿಲ್ಲ. ಆದರೆ ಹಲಗೆಯನ್ನು ಮಾತ್ರ ಎಲ್ಲರೂ ಓದುತ್ತಿದ್ದರು. ಓದಿ ತಡೆಗೋಡೆಗೆ ಹೋಗುತ್ತಿದ್ದರು. ಸಿಕ್ಕದಿದ್ದರೆ ಎರೆಯನ್ನೋ ಚಂದ್ರನನ್ನೋ ಪಕ್ಕದವನ ಕೆಮ್ಮನ್ನೋ ಬೈದುಕೊಂಡು ಬರುತ್ತಿದ್ದರು. ಹಲಗೆಯನ್ನು ಯಾರೂ ಬೈಯಲಿಲ್ಲ.

ಇನ್ನೊಂದು ಸಲ ಚಳಿಗಾಳಿ ಧಡಕ್ಕನೆ ಇಳಿಯಿತು. ಬೆಳಿಗ್ಗೆ ಗುಮಾಸ್ತ ಎಂದಿನಂತೆ ಬರೆದು ಒಳಗೆ ಹೋಗಿ ಕೂತ. ಮಧ್ಯಾಹ್ನ ಟಪಾಲಿನವನು ಬಂದು, "ನಿಮ್ಮ ಮಾವ ಒಬ್ರೇ ಗೋಡೆ ತುದೀಲಿ ನಿಂತಿದಾರಪ್ಪ. ಬೆಳಿಗ್ಗೆಯಿಂದ ನಿಂತಿದಾರೆ. ತುಟಿ ನೀಲಿಯಾಗಿದೆ," ಎಂದ.

ಗುಮಾಸ್ತ ಓಡಿದ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮಾವ ಕೋಟಿನ ಕಾಲರು ಎತ್ತಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು. ಕೋಲಿನ ತುದಿ ನಡುಗುತ್ತಿತ್ತು. ಮೀನು ಕಚ್ಚಿ ನಡುಗುತ್ತಿದ್ದುದಲ್ಲ.

"ಮಾವ, ಮನೆಗೆ ನಡೀರಿ. ಇವತ್ತು ಒಂದೂ ಸಿಗಲ್ಲ."

ಮಾವ ತಿರುಗಲಿಲ್ಲ. "ಹೇರಳ ಅಂತ ಹಾಕಿದ್ದಾರೆ."

"ಹಾಕಿದ್ದು ನಾನೇ ಮಾವ. ಬೆಳಿಗ್ಗೆ ನನ್ನ ಕೈಯಾರೆ ಬರೆದೆ. ಸುಳ್ಳು ಅದು."

"ಬರೆಯೋನು ನೀನಿರಬಹುದು. ಹೇಳೋದು ಸರ್ಕಾರ," ಎಂದರು ಮಾವ. "ನಾನು ನಲವತ್ತು ವರ್ಷ ಹಸಿರು ಬಾವುಟ ತೋರಿಸಿದ್ದೀನಿ. ಯಾವ ಡ್ರೈವರೂ ಇಳಿದು ಬಂದು, 'ತೋರಿಸ್ತಿರೋದು ನೀನೇನಾ, ಖಂಡಿತಾನಾ' ಅಂತ ಕೇಳಿಲ್ಲ."

ಗುಮಾಸ್ತನಿಗೆ ಕಚೇರಿಗೆ ಹಿಂದಿರುಗುವ ಹೊತ್ತಾಗಿತ್ತು, ಹೋಗಲಿಲ್ಲ. ತನ್ನ ಸ್ವೆಟರು ಬಿಚ್ಚಿ ಮಾವನ ಕೋಟಿನ ಮೇಲೆಯೇ ಹೊದಿಸಿ, ತೋಳುಗಳನ್ನು ಮುಂದಕ್ಕೆ ತಂದು ಗಂಟು ಹಾಕಿದ. ಮಾವ ಬೇಡವೆನ್ನಲಿಲ್ಲ. ಗಾಳಿ ಬರುವ ಕಡೆ ಅಡ್ಡವಾಗಿ ಬಂದು ನಿಂತುಕೊಂಡ. ಅಂಗಿಯೊಳಗೆ ಚಳಿ ನುಗ್ಗಿತು, ಹಲ್ಲು ಕಟಕಟ ಎಂದಿತು.

"ಮಾವ..." ಎಂದ.

"ಮಾತಾಡಬೇಡ," ಎಂದರು ಮಾವ ಮೆಲುದನಿಯಲ್ಲಿ. "ಮೀನು ಹೆದರ್ತವೆ."

ಗುಮಾಸ್ತ ಬಾಯಿ ಮುಚ್ಚಿಕೊಂಡು ನಿಂತ. ಹೆದರುವುದಕ್ಕೆ ಆ ನೀರಿನಲ್ಲಿ ಅವರಿಬ್ಬರ ನೆರಳು ಬಿಟ್ಟು ಬೇರೇನೂ ಇರಲಿಲ್ಲ.